ಹತ್ತುವ ಹಾಡು, ಇಳಿಯುವ ಹಾಡು

ದಾಖಲೆ ಕಚೇರಿಯಲ್ಲಿ ಟೇಪು ಕೇಳಿ ಟೈಪು ಮಾಡುವುದು ನಮ್ಮ ಚಿಕ್ಕಮ್ಮನ ಕೆಲಸ. ಇಪ್ಪತ್ತೆರಡು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವಳು. ಮನೆಯಲ್ಲೂ ಯಾರೇ ಮಾತಾಡಲಿ, "ಇನ್ನೊಂದ್ಸಲ ಹೇಳಿ" ಅನ್ನುತ್ತಿದ್ದಳು. ನಾವು ಮಕ್ಕಳು ಅವಳಿಗೆ ರಿವೈಂಡ್ ಎಂದೇ ಹೆಸರಿಟ್ಟಿದ್ದೆವು.

ಒಂದು ದಿನ ಅವಳ ಮೇಜಿಗೆ ಬಂದದ್ದು ಅವಳ ಹೆತ್ತ ತಾಯಿಯ, ಅಂದರೆ ನಮ್ಮ ಅಜ್ಜಿಯ ದನಿ. ನಮ್ಮ ಗುಡ್ಡದ ಜನ ಕಲ್ಲುಗಣಿ ಶುರುವಾದಾಗ ಬಂದ ಕೂಲಿಗಳು, ಅದಕ್ಕೆ ಮುಂಚೆ ಅಲ್ಲಿ ನರಪಿಳ್ಳೆಯೂ ಇರಲಿಲ್ಲ ಎಂದು ಹಳೆಯ ಕಡತದಲ್ಲಿತ್ತು. ಅದು ನಿಜವೇ ಎಂದು ನೋಡಲು ಕಚೇರಿಯವರು ಅಜ್ಜಿಯ ದಾರಿಹಾಡನ್ನು ಎರಡು ಸಲ ರೆಕಾರ್ಡ್ ಮಾಡಿದ್ದರು. ಹಿರಿಯರು ಎಲ್ಲಿ ಮನೆ ಕಟ್ಟಿದರು, ಎಲ್ಲಿ ಮಣ್ಣಾದರು ಎಂದು ಹೇಳುವ ಹಾಡು. ಒಂದರಲ್ಲಿ ಮೊದಲು ಜೋಡಿಬುಗ್ಗೆ, ಕೊನೆಗೆ ಸೀಳುಬಂಡೆ. ಇನ್ನೊಂದರಲ್ಲಿ ಎಲ್ಲ ಉಲ್ಟಾ.

"ವಯಸ್ಸಾಯ್ತಲ್ಲ, ನೆನಪು ಕೈ ಕೊಟ್ಟಿದೆ," ಎಂದರು ಎರಡನ್ನೂ ಕೇಳಿದ ಕಚೇರಿಯ ಸರ್ವೆ ಅಧಿಕಾರಿ. ಚಿಕ್ಕಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. ಹೀಗೆ ಹೊಂದದ ಬೇರೆಯವರ ಹಾಡುಗಳ ಹಾಳೆಯ ಅಂಚಿನಲ್ಲಿ 'ತಪ್ಪು' ಎಂದು ಅವಳೇ ಎಷ್ಟು ಸಲ ಗುರುತು ಹಾಕಿದ್ದಳೋ!

ಭಾನುವಾರ ಅಡುಗೆಮನೆಯಲ್ಲಿ ಕೇಳಿದಳು: "ಅಮ್ಮಾ, ಎರಡರಲ್ಲಿ ಯಾವುದು ಸರಿ?"

ಅಜ್ಜಿ ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಎರಡೂ ಸರಿ ಕಣೇ. ಒಂದು ಗುಡ್ಡ ಹತ್ತೋವಾಗಿನದು, ಇನ್ನೊಂದು ಇಳಿಯೋವಾಗಿನದು."

"ಅದನ್ನ ಅವರಿಗೆ ಹೇಳೋದಲ್ವಾ?"

"ಹಾಡು ಅಂದ್ರು, ಹಾಡಿದೆ. ಕೇಳಿದ್ರೆ ತಾನೆ ಹೇಳೋದು!"

ಮುಂದಿನ ವಾರ ಚಿಕ್ಕಮ್ಮ ಆ ಸರ್ವೆಯವರನ್ನು ಹೊರಡಿಸಿಕೊಂಡು ಗುಡ್ಡ ಹತ್ತಿದಳು. ಹಾಡು ಹೇಳಿದ ಕಡೆಯೇ ಬುಗ್ಗೆಗಳು ಸಿಕ್ಕವು. ಸೀಳುಬಂಡೆಯ ಹಿಂದೆ ಪೊದೆ ಸರಿಸಿದರೆ ಮನೆಗಳ ಅಡಿಪಾಯ, ಅದರಾಚೆ ಕಲ್ಲು ನೆಟ್ಟ ಗೋರಿಗಳು. ಅಡಿಪಾಯವನ್ನು ಸೀಳಿಕೊಂಡು ಬೆಳೆದಿದ್ದ ಮರದ ಬುಡಕ್ಕೆ ಸರ್ವೆಯವರು ಟೇಪು ಸುತ್ತಿ ಅಳೆದರು, ಮತ್ತೊಮ್ಮೆ ಅಳೆದರು. "ಮರವೇ ಗಣಿಗಿಂತ ಹಳೇದು. ಮನೆ ಇನ್ನೂ ಹಳೇದು," ಎಂದು ಅಲ್ಲೇ ಕೂತುಬಿಟ್ಟರು.

ಆದರೆ ಹಾಡಿನಲ್ಲಿ ಮಣ್ಣಾದವರ ಒಂಬತ್ತು ಹೆಸರು, ಗೋರಿ ಏಳೇ. ಚಿಕ್ಕಮ್ಮ ವರದಿಯಲ್ಲೂ ಹಾಗೇ ಬರೆದಳು.

"ಇನ್ನೆರಡು ಗೋರಿ ಗಣಿ ರಸ್ತೆ ಕೆಳಗೆ ಹೋಗಿರ್ಬೇಕು. ಒಂಬತ್ತೂ ಸಿಕ್ತು ಅಂತ ಬರೆದ್ರೆ ಏನಾಗ್ತಿತ್ತು?" ಎಂದೆ ನಾನು.

"ಇಲ್ಲದ್ದನ್ನ ಇದೆ ಅಂದ್ರೆ ಇರೋದನ್ನೂ ಯಾರೂ ನಂಬಲ್ಲ."

ಕಚೇರಿಯವರು ಹಳೆಯ ಕಡತದ ಆ ಸಾಲನ್ನು ಹೊಡೆದುಹಾಕಲಿಲ್ಲ, ಅದರ ಪಕ್ಕ ಅವಳ ಹಾಳೆ ಅಂಟಿಸಿದರು. ಅಷ್ಟಕ್ಕೆ ಚಿಕ್ಕಮ್ಮ ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ. ಅಜ್ಜಿಗೆ ಪೂರ್ತಿ ಓದಿ ಹೇಳಿದಳು.

"ಗೋರಿ ಸಿಗದ ಆ ಇಬ್ಬರ ಹೆಸರು?" ಎಂದಳು ಅಜ್ಜಿ.

"ಬರೆದಿದ್ದೀನಮ್ಮ."

"ಇನ್ನೊಂದು ಸಲ ಓದು."