ಪಿಟೀಲಿಗೆ ಎಣ್ಣೆ ಕುಡಿಸಿದ ದಿನ

ನಾನು ಚಿಕ್ಕವನಿದ್ದಾಗ, ಅಂದರೆ ಏಳು ವರ್ಷದ ಹಿಂದೆ, ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಈಗ ನನಗೆ ಹದಿನಾರು. ತಾತನಾಗಲು ಇನ್ನೂ ಸ್ವಲ್ಪ ಕಾಲವಿದೆ. ಆದರೆ ಚಿಕ್ಕಪ್ಪನ ಮಕ್ಕಳು ದಿನಾ ಕಥೆ ಕೇಳಿ ಪ್ರಾಣ ತಿನ್ನುವುದರಿಂದ ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.

ಮನೆಯ ಹಿಂದೆಯೇ ಅಪ್ಪನ ರೇಷ್ಮೆ ನೂಲು ತೆಗೆಯುವ ಯಂತ್ರಗಳಿದ್ದವು. ಬೆಂದ ಗೂಡಿನ ವಾಸನೆ ನಮ್ಮ ಅನ್ನಕ್ಕೂ ಪುಸ್ತಕಕ್ಕೂ ಅಂಟಿರುತ್ತಿತ್ತು. ಬಂದ ನೆಂಟರಿಗೆ ಎರಡನೇ ದಿನವೇ ತಮ್ಮ ಊರು ನೆನಪಾಗಿಬಿಡುತ್ತಿತ್ತು. ಬೆಳಗ್ಗೆ ಎದ್ದರೆ ಅಪ್ಪನ ಮೊದಲ ಕೆಲಸ, ಎಣ್ಣೆ ಡಬ್ಬಿ ಹಿಡಿದು ಪ್ರತಿಯೊಂದು ಚಕ್ರಕ್ಕೂ ಎರಡೆರಡು ತೊಟ್ಟು ಬಿಡುವುದು. "ತಿರುಗೋದು ಅಂದ್ಮೇಲೆ ಎಣ್ಣೆ ಕುಡೀಬೇಕು ಕಣೋ," ಎನ್ನುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಬಾಗಿಲ ಕೀಲು, ಸೈಕಲ್ಲು, ಫ್ಯಾನು ಎಲ್ಲವೂ ಕುಡಿಯುತ್ತಿದ್ದವು.

ಆ ದಿನ ಮಧ್ಯಾಹ್ನ ಮೂರಕ್ಕೆ ಚಿಕ್ಕಬಳ್ಳಾಪುರದಲ್ಲಿ ಅಕ್ಕನ ಪಿಟೀಲು ಪರೀಕ್ಷೆ. ಹಿಂದಿನ ವರ್ಷ ಜ್ವರ ಬಂದು ತಪ್ಪಿಹೋಗಿತ್ತು. ಈ ಸಲವೂ ತಪ್ಪಿದರೆ ಪಿಟೀಲನ್ನೇ ಬಿಡುತ್ತೇನೆ ಎಂದಿದ್ದಳು. ಬೆಳಗ್ಗೆ ಏಳಕ್ಕೇ ಕೂತು, ತಂತಿ ಬಿಗಿಯುವ ಬಿರಡೆಗಳನ್ನು ತಿರುಗಿಸಲು ಒದ್ದಾಡುತ್ತಿದ್ದಳು. ಕಿರ್ರ್ ಎಂಬ ಆ ಸದ್ದಿಗೆ ನಮ್ಮ ಬೀದಿಯ ಮೂರು ನಾಯಿಗಳು ಪಕ್ಕದ ಊರಾದ ಮೇಲೂರಿಗೆ ವರ್ಗ ಮಾಡಿಸಿಕೊಂಡು ಹೋದವು. ಅವಳು ಸ್ನಾನಕ್ಕೆ ಹೋದಾಗ ನಾನು ಎಣ್ಣೆ ಡಬ್ಬಿ ತಂದೆ. ನಾಲ್ಕು ಬಿರಡೆ, ಒಂದೊಂದಕ್ಕೆ ಎರಡು ತೊಟ್ಟು. ಪ್ರೀತಿ ಜಾಸ್ತಿಯಾಗಿ ಇನ್ನೆರಡು.

ಅಕ್ಕ ಬಂದು ತಿರುಗಿಸಿದಳು. ಬಿರಡೆ ಬೆಣ್ಣೆಯಂತೆ ತಿರುಗಿತು. ಕೈ ಬಿಟ್ಟೊಡನೆ ಬೆಣ್ಣೆಯಂತೆಯೇ ಹಿಂದಕ್ಕೂ ತಿರುಗಿತು. ನಾಲ್ಕು ತಂತಿಗಳೂ ಕರೆಂಟು ಹೋದಾಗಿನ ನಮ್ಮ ಯಂತ್ರದ ಬೆಲ್ಟಿನಂತೆ ಜೋತುಬಿದ್ದವು. ಅಕ್ಕ ಅಳಲಿಲ್ಲ. ಸುಮ್ಮನೆ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು. ನಾನು ಎಣ್ಣೆ ಡಬ್ಬಿಯನ್ನು ಜೇಬಿಗೆ ತುರುಕಿದೆ.

ಅಪ್ಪ ಪೆಟ್ಟಿಗೆ ಎತ್ತಿಕೊಂಡು ಪಕ್ಕದ ಬೀದಿಯ ಚಾಚಾ ಹತ್ತಿರ ಓಡಿದರು. ಅಕ್ಕ, ನಾನು ಹಿಂದೆಯೇ ಹೋದೆವು. ಚಾಚಾ ರೇಷ್ಮೆ ಯಂತ್ರಗಳಿಗೆ ಮರದ ಬಿಡಿಭಾಗ ಕಡೆದುಕೊಡುವವರು. ಮದುವೆ ಬ್ಯಾಂಡಿನವರ ವಾದ್ಯ ಕೆಟ್ಟರೂ ಅವರೇ ಗತಿ. ಒಂದು ಬಿರಡೆ ಕಿತ್ತು ಮೂಸಿದರು.

"ಇದಕ್ಕೆ ಎಣ್ಣೆ ಕುಡಿಸಿದ ಮಹಾನುಭಾವ ಯಾರಪ್ಪ?"

"ಎಣ್ಣೆನಾ? ನಮ್ಮನೇಲಿ ಯಾರು ಹಾಕ್ತಾರೆ?" ಎಂದರು ಅಪ್ಪ, ಎಣ್ಣೆ ಕಲೆಯ ಲುಂಗಿಯಲ್ಲಿ ನಿಂತು.

ನಾನು ಗೋಡೆಯ ಮೇಲಿದ್ದ ಹಲ್ಲಿಯನ್ನು ಬಹಳ ಆಸಕ್ತಿಯಿಂದ ನೋಡಿದೆ.

"ಬಿರಡೆ ತಿರುಗಬೇಕು, ತಿರುಗಿ ಅಲ್ಲೇ ನಿಲ್ಲಬೇಕು. ಎಣ್ಣೆ ಹಾಕಿದ್ರೆ ನಿಲ್ಲುತ್ತಾ ಬೇಟಾ?" ಎಂದರು ಚಾಚಾ. ಅವರು ನೋಡಿದ್ದು ನನ್ನನ್ನು.

ಎಣ್ಣೆ ಹೀರಿದ ತೂತುಗಳನ್ನು ಕೆರೆದು ಅಗಲ ಮಾಡಬೇಕಿತ್ತು. ಅಗಲ ಮಾಡಿದರೆ ಹಳೆಯ ಬಿರಡೆ ಸಡಿಲ. ಹಾಗಾಗಿ ನಾಲ್ಕೂ ಹೊಸದು ಬೇಕು. ಚಾಚಾ ಮೂಲೆಯಿಂದ ಬೀಟೆಯ ಮಂಚದ ಕಾಲೊಂದನ್ನು ಎಳೆದರು. ಆ ಮಂಚದಲ್ಲಿ ಯಾರೋ ಪಾಳೇಗಾರ ಮಲಗುತ್ತಿದ್ದನಂತೆ. ಕಾಲಿನ ದಪ್ಪ ನೋಡಿದರೆ ಅವನ ಕುದುರೆಯೂ ಪಕ್ಕದಲ್ಲೇ ಮಲಗುತ್ತಿತ್ತು ಅನ್ನಿಸುತ್ತದೆ. ಕಡೆಯುವ ಯಂತ್ರ ಗುಂಯ್ ಎಂದಿತು. ನೇರಳೆ ಬಣ್ಣದ ಹೊಟ್ಟು ಹಾರಿ, ನಮ್ಮೆಲ್ಲರ ಹುಬ್ಬಿನ ಮೇಲೆ ಸಿಹಿ ವಾಸನೆಯೊಂದಿಗೆ ಕೂತಿತು.

ಕಡೆದ ಬಿರಡೆಯನ್ನು ತೂತಿಗೆ ತೂರಿಸಿ, ತಿರುಗಿಸಿ ಹೊರತೆಗೆದರೆ, ಮರ ತಾಗಿದ ಕಡೆ ಹೊಳೆಯುವ ಉಂಗುರ ಮೂಡುತ್ತಿತ್ತು. ಪಿಟೀಲಿನ ತಲೆಯ ಎರಡು ಬದಿಯ ತೂತಿಗೂ ಒಂದೊಂದು ಉಂಗುರ ಬರಬೇಕು. ಒಂದೇ ಬಂದರೆ ಮತ್ತೆ ಉಜ್ಜಬೇಕು. ಚಾಚಾ ನನ್ನ ಕೈಗೆ ಉಜ್ಜಲು ಉಪ್ಪುಕಾಗದ, ಬಿರಡೆ ಜಾರದಂತೆ ಹಚ್ಚಲು ಸೀಮೆಸುಣ್ಣ ಕೊಟ್ಟು ಕಿವಿಯಲ್ಲಿ, "ಎಣ್ಣೆ ಕೆಲಸ ಚೆನ್ನಾಗಿ ಬರುತ್ತೆ ನಿಂಗೆ. ಇನ್ನು ಇದನ್ನ ಕಲಿ," ಎಂದರು. ಉಜ್ಜಿ ಉಜ್ಜಿ ನನ್ನ ಕೈರೇಖೆಗಳೇ ಅಳಿಸಿಹೋದವು. ಇವತ್ತಿಗೂ ನನ್ನ ಭವಿಷ್ಯವನ್ನು ಯಾರಿಗೂ ಹೇಳಲಾಗುವುದಿಲ್ಲ.

ಹನ್ನೆರಡೂವರೆಗೆ ನಾಲ್ಕನೆಯದೂ ಕೂತಿತು. ಅಕ್ಕ ತಂತಿ ಬಿಗಿದು ಮೆಲ್ಲಗೆ ಕೈ ಬಿಟ್ಟಳು. ನಾವೆಲ್ಲ ಉಸಿರು ಹಿಡಿದೆವು. ಬಿರಡೆ ಕದಲಲಿಲ್ಲ. ಅವಳು ಕಮಾನು ಎಳೆದಳು. ಆ ಒಂದು ಸ್ವರಕ್ಕೆ ಅಪ್ಪ ಕಣ್ಣೊರೆಸಿಕೊಂಡು, "ಹೊಟ್ಟು ಬಿತ್ತು," ಎಂದರು.

"ಹೋಗಮ್ಮ, ಬಸ್ಸು ಹಿಡಿ," ಎಂದರು ಚಾಚಾ.

ಮೂವರೂ ಓಡಿ ಬಸ್ಸು ಹಿಡಿದೆವು. ಅಪ್ಪ ಮುಂದೆ ನಿಂತಿದ್ದರು. ನಾನು ಅಕ್ಕನ ಕಿವಿಯಲ್ಲಿ, "ಆ ಎಣ್ಣೆ..." ಎಂದೆ.

"ಗೊತ್ತು ಕಣೋ. ಡಬ್ಬಿ ಇನ್ನೂ ನಿನ್ನ ಚಡ್ಡಿ ಜೇಬಲ್ಲೇ ಸೋರ್ತಿದೆ."

"ಮತ್ತೆ ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

"ಪರೀಕ್ಷೆ ಮುಗೀಲಿ ಅಂತ."

ಅವಳು ಚೆನ್ನಾಗಿ ನುಡಿಸಿದಳು, ಆಮೇಲೆ ಪಾಸೂ ಆದಳು. ಹೇಳಿದ ಮಾತಿನಂತೆ ಸಂಜೆ ಅಪ್ಪನಿಗೂ ತಿಳಿಸಿದಳು. ಆ ಭಾಗ ಮಕ್ಕಳ ಕಥೆಗೆ ತಕ್ಕದ್ದಲ್ಲ.

ಈಗ ಅಪ್ಪನ ಹೊಸ ಯಂತ್ರಗಳು ತಾವೇ ಎಣ್ಣೆ ಹಾಕಿಕೊಳ್ಳುತ್ತವೆ. ಚಿಕ್ಕಪ್ಪನ ಮಕ್ಕಳು ಅಕ್ಕನ ಹತ್ತಿರ ಅದೇ ಪಿಟೀಲು ನುಡಿಸಲು ಕಲಿಯುತ್ತಾರೆ. ಶ್ರುತಿ ಸರಿಯಾದರೆ ಅವರ ಫೋನಿನಲ್ಲಿ ಹಸಿರು ದೀಪ ಹತ್ತುತ್ತದೆ. ಬಿರಡೆಗಳು ಮಾತ್ರ ಇನ್ನೂ ಪಾಳೇಗಾರನ ಮಂಚದವೇ. ಹೋದ ವಾರ ದೀಪ ಹಸಿರಾಗುತ್ತಲೇ ಇರಲಿಲ್ಲ. "ಅಕ್ಕಾ, ಬಿರಡೆ ಜಾರ್ತಿದೆ," ಎಂದಳು ಚಿಕ್ಕವಳು. ನಾನು ಜೇಬಿಗೆ ಕೈ ಹಾಕಿ ಎದ್ದೆ.

ಅಕ್ಕ ತಲೆ ಎತ್ತದೆಯೇ, "ಕೂತ್ಕೊಳೋ," ಎಂದಳು.

ನಾನು ಕೈ ಬಿಚ್ಚಿ ತೋರಿಸಿದೆ. ಸೀಮೆಸುಣ್ಣ ಇತ್ತು.