ಗಂಡನಿಗೆ ತಾಯಿಯಾದೆ

ಗೆಳತಿಯರೇ, ಇವತ್ತು ಹೊಸದುರ್ಗದ ಸೀರೆ ಅಂಗಡಿಯವರು ನನ್ನ ಗಂಡನನ್ನು ಕೇಳಿದರು: "ಅಣ್ಣಾ, ನಿಮ್ ತಾಯಿಯವ್ರಿಗೆ ಯಾವ ತರದ್ದು ತೋರಿಸ್ಲಿ?"

ಗಂಡ ನನಗಿಂತ ಆರು ವರ್ಷ ದೊಡ್ಡವರು. ತಲೆಗೆ ತಪ್ಪದೆ ಡೈ ಹಚ್ಚುತ್ತಾರೆ. ನಾನು ಹಚ್ಚಲು ಹೋದಾಗ ಮಾತ್ರ "ಯಾರಿಗೆ ತೋರ್ಸಾಕೆ?" ಅಂದಿದ್ದರು. ಅಂದಿನಿಂದ ನನ್ನದು ನರೆತ ತುರುಬು, ಮಾಸಲು ಬಣ್ಣದ ಸೀರೆ.

"ತಾಯಿ ಅಲ್ರಿ, ಹೆಂಡ್ತಿ" ಎಂದೆ. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಗಡಿಯವರು ಪೆಚ್ಚಾಗಿ, ಗಿಳಿಹಸಿರು ಸೀರೆಯೊಂದನ್ನು ಬಿಚ್ಚಿ ಹರಡಿದರು. ಆಸೆಯಾಗಿ ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿದೆ. ಗಂಡನ ನಗು ನಿಂತಿತು.

"ತೆಗಿ ಅದನ್ನ. ಈ ವಯಸ್ಸಲ್ಲಿ ಅದನ್ನ ಉಟ್ಕಂಡ್ರೆ ನೋಡ್ದೋರು ಏನಂತಾರೆ?"

ಬೂದು ಸೀರೆ ಕಟ್ಟಿಸಿಕೊಂಡು ಬಂದೆವು. ನಾನು ಅವರ ತಾಯಿಯಂತೆ ಕಂಡರೆ ಮರ್ಯಾದೆ ಹೋಗುವುದಿಲ್ಲವಂತೆ, ಹೆಂಡತಿಯಂತೆ ಕಂಡರೆ ಹೋಗುತ್ತದಂತೆ.