ಶನಿವಾರದ ಕಟ್ಲೆಟ್ಟೂ ಮೇಡಂ ಅವರ ಪ್ರಯೋಗವೂ

ಜನ ಯೋಚನೆ ಮಾಡುವಾಗ ಎಲ್ಲಿ ಎಡವುತ್ತಾರೆ ಎಂದು ಕೂತು ಬರೆದುಕೊಳ್ಳುವುದಕ್ಕೆ ಯಾರಾದರೂ ಸಂಬಳ ಕೊಡುತ್ತಾರೆ ಅಂದರೆ ನನ್ನ ಅಮ್ಮ ಬಹಳ ದಿನ ನಂಬಲಿಲ್ಲ. "ನಿಮ್ಮಪ್ಪನ ವಿಷಯದಲ್ಲಿ ಅದನ್ನ ನಾನು ಇಷ್ಟು ವರ್ಷ ಬಿಟ್ಟಿ ಮಾಡ್ಕೊಂಡು ಬಂದಿದ್ದೀನಲ್ಲೇ" ಅಂದಳು.

ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಅದು. ಕೆಲಸ ಕೊಟ್ಟ ಮೇಡಂ, ಮನುಷ್ಯರು ಹೇಗೆ ತರ್ಕ ಮಾಡುತ್ತಾರೆ, ಹೇಗೆ ತೀರ್ಮಾನಕ್ಕೆ ಬರುತ್ತಾರೆ ಎಂಬುದನ್ನೇ ಆಯಸ್ಸೆಲ್ಲ ಅಧ್ಯಯನ ಮಾಡಿದವರು. ಪಾಠ ಹೇಳುವ ಕೆಲಸದಿಂದ ನಿವೃತ್ತರಾದ ಮೇಲೂ ಸುಮ್ಮನೆ ಕೂರಲಾರದೆ ಸರಸ್ವತಿಪುರಂನಲ್ಲಿ ಒಂದು ಮನೆಯ ಮಹಡಿ ಹಿಡಿದು ಸಂಶೋಧನೆ ನಡೆಸುತ್ತಿದ್ದರು. ಕಡಕೊಳದ ಕಡೆಯ ಒಕ್ಕಲು ಮನೆತನದವರು. ಭಾಷಣಕ್ಕೆ ನಿಂತರೆ ಪುಸ್ತಕದಂಥ ಕನ್ನಡ, ಸಿಟ್ಟು ಬಂದರೆ ಅಪ್ಪಟ ಊರ ಕನ್ನಡ. ಆ ಮಹಡಿಯಲ್ಲಿ ನಾವು ಮೂರೇ ಜನ. ಮೇಡಂ, ನಾನು, ಮತ್ತೆ ಬಾಗಿಲು ತೆಗೆಯುವುದರಿಂದ ಹಿಡಿದು ಕಾಫಿ ಕಾಸುವವರೆಗೆ ಎಲ್ಲ ನೋಡಿಕೊಳ್ಳುತ್ತಿದ್ದ ಅರವತ್ತು ದಾಟಿದ ಒಬ್ಬ ಹಿರಿಯರು. ನಾನು ಅವರನ್ನು ಅಂಕಲ್ ಅನ್ನುತ್ತಿದ್ದೆ.

ನಮ್ಮ ಪ್ರಯೋಗ ನೋಡುವುದಕ್ಕೆ ಮಕ್ಕಳಾಟದಂತಿತ್ತು. ಬಂದವರನ್ನು ಕೂರಿಸಿ, "ಎರಡು, ನಾಲ್ಕು, ಆರು. ಈ ಮೂರು ಸಂಖ್ಯೆಗಳು ನನ್ನ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಸರಿಹೊಂದುತ್ತವೆ. ನೀವು ಬೇರೆ ಮೂರು ಮೂರು ಸಂಖ್ಯೆ ಹೇಳುತ್ತಾ ಹೋಗಿ. ಹೊಂದುತ್ತೋ ಇಲ್ಲವೋ ನಾನು ಹೇಳುತ್ತೇನೆ. ನಿಯಮ ಗೊತ್ತಾಯಿತು ಅನ್ನಿಸಿದಾಗ ಹೇಳಿ" ಎನ್ನಬೇಕು. ಬಂದವರು ಎಂಟು, ಹತ್ತು, ಹನ್ನೆರಡು ಅನ್ನುವರು. ಹೊಂದುತ್ತದೆ. ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ನಾಲ್ಕು ಅನ್ನುವರು. ಅದೂ ಹೊಂದುತ್ತದೆ. ಕುರ್ಚಿಗೆ ಒರಗಿ, "ಎರಡೆರಡು ಜಾಸ್ತಿ ಆಗ್ತಾ ಹೋಗೋದು" ಎಂದು ಗೆದ್ದವರಂತೆ ನಗುವರು. ಅದು ತಪ್ಪು. ಒಂದಕ್ಕಿಂತ ಒಂದು ದೊಡ್ಡದಿದ್ದರೆ ಸಾಕು, ಅಷ್ಟೇ ನಿಯಮ. ಒಂದು, ಏಳು, ನೂರು ಅಂದಿದ್ದರೂ ಹೊಂದುತ್ತಿತ್ತು. ಆದರೆ ತಾವು ಅಂದುಕೊಂಡದ್ದು ಸುಳ್ಳಾಗಬಹುದಾದ ಪ್ರಶ್ನೆಯನ್ನು ಕೇಳುವವರೇ ಅಪರೂಪ. ಟ್ಯುಟೋರಿಯಲ್ ಹುಡುಗರು ಬಿದ್ದರು, ಆಟೋದವರು ಬಿದ್ದರು, ಗಣಿತದ ನಿವೃತ್ತ ಮೇಷ್ಟರೊಬ್ಬರು ಬಿದ್ದದ್ದಲ್ಲದೆ ನಿಯಮವೇ ಸರಿಯಿಲ್ಲ ಎಂದು ಅರ್ಧ ಗಂಟೆ ವಾದ ಮಾಡಿ ಹೋದರು.

ಇದನ್ನೆಲ್ಲ ದಿನಾ ನೋಡಿ ನೋಡಿ ನನಗೆ ಸಣ್ಣಗೆ ಕೊಬ್ಬು ಬಂದಿತ್ತು. ಊರಿಗೆಲ್ಲ ಇರುವ ರೋಗ ನನಗೊಬ್ಬಳಿಗೆ ಇಲ್ಲ ಅನ್ನುವ ಭಾವ.

ನಮ್ಮದು ಕ್ರೈಸ್ತರ ಮನೆ, ಶುಕ್ರವಾರ ಮಾಂಸವಿಲ್ಲ, ಮೀನು. ಸಂಜೆ ಅಮ್ಮ ಮೀನಿನ ಕಟ್ಲೆಟ್ ಮಾಡುವಳು. ಉಳಿದದ್ದರಲ್ಲಿ ಐದು ಶನಿವಾರ ನನ್ನ ಡಬ್ಬಿಗೆ. ಒಂದು ಶನಿವಾರ ಮಧ್ಯಾಹ್ನ ಡಬ್ಬಿ ತೆಗೆದರೆ ನಾಲ್ಕೇ ಇದ್ದವು. ಮುಂದಿನ ಶನಿವಾರವೂ ನಾಲ್ಕೇ. ಅಮ್ಮನಿಗೆ ಫೋನ್ ಮಾಡಿದೆ.

"ಐದೇ ಹಾಕಿದ್ದು ಕಣೇ. ನಿನಗೆ ಹಾಕೋದ್ರಲ್ಲಿ ನಾನು ಯಾವತ್ತು ಕೈ ಬಿಗಿ ಮಾಡಿದ್ದೀನಿ?"

ಮೇಡಂ ಮೇಲೆ ಅನುಮಾನ ಬರುವ ಪ್ರಶ್ನೆಯೇ ಇರಲಿಲ್ಲ. ಅವರದು ಶನಿವಾರ ಒಪ್ಪತ್ತು. ಮಾಂಸ, ಮೀನು, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ ಎಂದು ಸೇರಿದ ಮೊದಲ ವಾರವೇ ನನಗೆ ಹೇಳಿದ್ದರು. ಉಳಿದವರು ಅಂಕಲ್. ಆಮೇಲೆ ನೋಡಿ, ಸಾಕ್ಷಿಗಳು ತಾವಾಗಿಯೇ ಬಂದು ಸಾಲಾಗಿ ನಿಂತವು. ಒಂದು ಶನಿವಾರ ಅಂಕಲ್ ನಮ್ಮ ಡಬ್ಬಿ ಇಡುವ ಕೋಣೆಯಿಂದ ಟವೆಲ್ಲಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ ಬಂದರು. ಇನ್ನೊಂದು ಶನಿವಾರ, "ಏನಮ್ಮ ಇವತ್ತು ಊಟಕ್ಕೆ?" ಎಂದು ಕೇಳಿದರು. ಕೇಳದೆ ಇದ್ದ ಶನಿವಾರ, ಗೊತ್ತಿರುವುದಕ್ಕೇ ಕೇಳಲಿಲ್ಲ ಎಂದುಕೊಂಡೆ. ನಾನು ಡಬ್ಬಿಯನ್ನು ಬೀರುವಿನಲ್ಲಿ ಇಟ್ಟೆ, ಕಟ್ಲೆಟ್ ಹೋಯಿತು. ಬೀರುವಿನ ಕೀಲಿ ಇರುವ ಜಾಗ ಅವರಿಗೆ ಗೊತ್ತು. ಪಕ್ಕದಲ್ಲೇ ಇಟ್ಟುಕೊಂಡು ಕೂತೆ, ಹೋಗಲಿಲ್ಲ. ಅದೂ ಸಾಕ್ಷಿಯೇ.

ಒಂದು ಶನಿವಾರ ಅಂಕಲ್ ನೆಂಟರ ಮದುವೆಗೆಂದು ನಂಜನಗೂಡಿಗೆ ಹೋಗಿದ್ದರು. ಆ ದಿನವೂ ಒಂದು ಕಟ್ಲೆಟ್ ಹೋಯಿತು. ಬುದ್ಧಿ ಇದ್ದವರು ಅಲ್ಲೇ ನಿಂತು ಯೋಚಿಸುತ್ತಿದ್ದರು. ನಾನು ಅಮ್ಮನಿಗೆ ಫೋನ್ ಮಾಡಿ, "ಈ ಸಲ ನೀನೇ ನಾಲ್ಕು ಹಾಕಿದ್ದೀಯ" ಎಂದು ಜಗಳ ತೆಗೆದೆ.

ವಿಷಯವನ್ನು ಮೇಡಂ ಹತ್ತಿರವೂ ಹೇಳಿಕೊಂಡಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು, "ಹೌದಾ? ಮತ್ತೇನೇನು ಗಮನಿಸಿದೆ?" ಎಂದು ಬಹಳ ಆಸಕ್ತಿಯಿಂದ ಕೇಳುತ್ತಿದ್ದರು. ನಾನೂ ಉತ್ಸಾಹದಿಂದ ವರದಿ ಒಪ್ಪಿಸುತ್ತಿದ್ದೆ.

ಕೊನೆಗೆ ಕಳ್ಳನನ್ನು ಹಿಡಿಯುವುದೆಂದು ತೀರ್ಮಾನಿಸಿದೆ. ಐದರಲ್ಲಿ ಮೇಲಿನದಕ್ಕೆ ಮಾತ್ರ ಗುಂಟೂರು ಮೆಣಸಿನಪುಡಿ ತುಂಬಿಕೊಡು ಎಂದು ಅಮ್ಮನನ್ನು ಕೇಳಿದೆ. ಒಳ್ಳೇ ಮೀನು ಹಾಳು ಎಂದು ಮೊದಲು ಗೊಣಗಿದಳು. ಆಮೇಲೆ ಅವಳಿಗೇ ಹುರುಪು ಬಂದು ಹಸಿಮೆಣಸಿನಕಾಯಿಯನ್ನೂ ಕುಟ್ಟಿ ಸೇರಿಸಿದಳು.

ಆ ಶನಿವಾರ ಮೇಟಗಳ್ಳಿಯ ಕಾರ್ಖಾನೆಯೊಂದರ ಕೆಲಸಗಾರರೊಬ್ಬರು ಪ್ರಯೋಗಕ್ಕೆ ಬಂದಿದ್ದರು. ಡಬ್ಬಿಯನ್ನು ಒಳಗಿನ ಕೋಣೆಯ ಮೇಜಿನ ಮೇಲೆ ಎದ್ದು ಕಾಣುವಂತೆ ಇಟ್ಟು, ನಾನು ಹೊರಗೆ ಅವರ ಮುಂದೆ ಕೂತು ಎರಡು, ನಾಲ್ಕು, ಆರು ಶುರುಮಾಡಿದೆ. ಕಿವಿ ಮಾತ್ರ ಒಳಗಿತ್ತು. ಅವರು "ನೂರು, ನೂರಾ ಎರಡು, ನೂರಾ ನಾಲ್ಕು" ಅನ್ನುವಷ್ಟರಲ್ಲಿ ಒಳಗಿನಿಂದ ಕುರ್ಚಿ ಬಿದ್ದ ಸದ್ದು. ಹಿಂದೆಯೇ ಒಂದು ಕೂಗು.

"ಅಯ್ಯಯ್ಯಪ್ಪಾ! ನೀರು ತತ್ತರ‍್ರೀ ಯಾರಾದ್ರೂ! ಸತ್ತೋಗ್ಬುಡ್ತೀನಿ!"

ಅಂಕಲ್ ನನ್ನ ಎದುರಿಗೇ, ಕಾಫಿ ತಟ್ಟೆ ಹಿಡಿದು ನಿಂತಿದ್ದರು.

ಮೇಡಂ ಬಾಗಿಲಿಗೆ ಬಂದರು. ಮುಖ ಕೆಂಪು, ಕಣ್ಣಲ್ಲಿ ನೀರು, ಒಂದು ಕೈಯಲ್ಲಿ ಅರ್ಧ ಕಚ್ಚಿದ ಕಟ್ಲೆಟ್. ಅಂಕಲ್ ತಟ್ಟೆ ಇಟ್ಟು ಓಡಿಹೋಗಿ ತಾವು ಊಟಕ್ಕೆ ತಂದಿದ್ದ ಮಜ್ಜಿಗೆಯನ್ನೆಲ್ಲ ತಂದು ಕುಡಿಸಿದರು. ಮೇಟಗಳ್ಳಿಯವರು ಎದ್ದು ನಿಂತು, "ಇದೂ ಪ್ರಯೋಗದೊಳಗೇ ಬತ್ತದಾ ಮೇಡಮ್ಮ?" ಎಂದು ನನ್ನನ್ನು ಕೇಳಿದರು. ಇವತ್ತಿಗೆ ಸಾಕು ಎಂದು ಅವರನ್ನು ಕಾಫಿ ಕೊಟ್ಟು ಕಳಿಸಿದೆ.

ಉಸಿರು ಸರಿಯಾದ ಮೇಲೆ ಮೇಡಂ ನನ್ನನ್ನು ಒಳಗೆ ಕರೆದರು. ಬೈಯುತ್ತಾರೆ ಅಂದುಕೊಂಡೆ. ಬಹಳ ಗಂಭೀರವಾಗಿ, "ಇದು ಪ್ರಯೋಗ ಕಣೇ" ಅಂದರು.

"ಶನಿವಾರ ಮುಟ್ಟಲ್ಲ ಅಂದಿದ್ರಲ್ಲ ಮೇಡಂ?"

"ಮನೇಲಿ ಮುಟ್ಟಲ್ಲ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರ ಕೈಲೂ ನಾನೇ ಶನಿವಾರ ಮಾಡಿಸ್ತೀನಿ. ಈಗ ನಾನೇ ಎಂಗೆ ಮುರಿಯೋದು? ನಿಮ್ಮಮ್ಮನ ಡಬ್ಬಿ ವಾಸನೆ ಮೆಟ್ಟಿಲವರ್ಗೂ ಬತ್ತದೆ." ಅಷ್ಟು ಹೇಳಿ, ಮತ್ತೆ ಪುಸ್ತಕದ ಕನ್ನಡಕ್ಕೆ ಹಿಂದಿರುಗಿದರು. "ಅದು ಬೇರೆ ವಿಷಯ. ಇದನ್ನು ನೋಡು."

ಮೇಜಿನ ಖಾನೆಯಿಂದ ಒಂದು ನೋಟ್‌ಬುಕ್ ತೆಗೆದರು. ಅದರಲ್ಲಿ ಮೂರನೆಯ ಶನಿವಾರದಿಂದ ಹಿಡಿದು ನಾನು ಆಡಿದ ಮಾತೆಲ್ಲ ಇತ್ತು. ಬಾಯಿ ಒರೆಸಿದ್ದು, ಬೀರು ಕೀಲಿ, ಮದುವೆಯ ಶನಿವಾರ, ಅಮ್ಮನ ಜೊತೆಗಿನ ಜಗಳ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅವರ ಟಿಪ್ಪಣಿ: ‘ವಿರುದ್ಧ ಸಾಕ್ಷಿ ಸಿಕ್ಕಿತು, ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.’

ನನ್ನ ಕಿವಿ ಬಿಸಿಯಾಯಿತು. ಆದರೂ ಬಿಡಲಿಲ್ಲ. "ಮೊದಲನೇ ಎರಡು ಶನಿವಾರದ್ದು ಯಾಕೆ ಬರೆದಿಲ್ಲ ಮೇಡಂ?"

ಅವರು ನೋಟ್‌ಬುಕ್ ಮುಚ್ಚಿ ಖಾನೆಗೆ ಹಾಕಿದರು. "ಅದು ಪೂರ್ವಸಿದ್ಧತೆ" ಅಂದರು.

"ಅಂದ್ರೆ ಹಸಿವಾಗಿ ತಿಂದ್ರಿ, ಪ್ರಯೋಗ ಅಂತ ಆಮೇಲೆ ಹೊಳೀತು."

"ಬುಡು ಅದ" ಎಂದು ನಕ್ಕರು. ನಗು ನಿಂತ ಮೇಲೆ ಅವರು ಕೇಳಿದ್ದು ಮಾತ್ರ ನನಗೆ ಚುಚ್ಚಿತು. "ಒಂದೇ ಒಂದ್ ಸಲ ಆತನ್ನ, ನೀವು ಮೀನು ತಿಂತೀರಾ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಎಷ್ಟೋ ಜನರನ್ನು, ನಿಮ್ಮ ಊಹೆ ಸುಳ್ಳಾಗಬಹುದಾದ ಪ್ರಶ್ನೆ ಕೇಳಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾ ಕೂತವಳು ನಾನು. ಅದಕ್ಕಿಂತ ಕೆಟ್ಟದ್ದೆಂದರೆ, ಕಳುವಾಯಿತು ಅಂದ ತಕ್ಷಣ ನನ್ನ ಕಣ್ಣು ಕಾಫಿ ತರುವವರ ಮೇಲೆ ಹೋಗಿತ್ತು, ಪಾಠ ಹೇಳುವವರ ಮೇಲಲ್ಲ. ಶನಿವಾರದ ಒಪ್ಪತ್ತು ನನಗೊಂದು ನೆಪ ಕೊಟ್ಟಿತ್ತು, ಅಷ್ಟೆ. ಅದಿಲ್ಲದಿದ್ದರೂ ನಾನು ಅಂಕಲ್ಲನ್ನೇ ಹಿಡಿಯುತ್ತಿದ್ದೆನೇನೋ.

"ನಾನೂ ಒಂದು ಕ್ಷಮಾಪಣೆ ಕೇಳ್ಬೇಕು ಆತನ್ನ. ನೀನು ಅನುಮಾನ ಪಟ್ಟೆ, ನಾನು ಪಡಾಕೆ ಬುಟ್ಟೆ" ಅಂದರು ಮೇಡಂ, ಈಗ ನಗದೆ. ಅವತ್ತೇ ಹೋಗಿ ಕೇಳಿದರು ಕೂಡ.

ನಾನು ಸೋಮವಾರ ಅಂಕಲ್ಲನ್ನು ಬೀದಿ ತುದಿಯ ಅಂಗಡಿಗೆ ಟೀ ಕುಡಿಯಲು ಕರೆದುಕೊಂಡು ಹೋದೆ. ತೊದಲುತ್ತಾ ಎಲ್ಲವನ್ನೂ ಹೇಳಿದೆ. ಅವರು ಕೊರಳಿನ ಲಿಂಗದ ದಾರವನ್ನು ಮುಟ್ಟಿಕೊಂಡು ಕೇಳುತ್ತಿದ್ದರು. ಇಷ್ಟು ದಿನವೂ ಆ ದಾರ ಅಂಗಿಯ ಕಾಲರಿನಲ್ಲಿ ಕಾಣುತ್ತಲೇ ಇತ್ತು.

"ಮೀನಿನ ವಾಸ್ನೆಗೇ ನಂಗೆ ವಾಂತಿ ಬತ್ತದೆ ಕಣಮ್ಮ. ನಿಮ್ಮ ಡಬ್ಬಿ ಇದ್ದ ಕೋಣೆಯಿಂದ ಬರೋವಾಗ ಬಾಯಿ, ಮೂಗು ಎಲ್ಲ ಟವೆಲ್ಲಲ್ಲಿ ಮುಚ್ಕೊಂಡು ಬತ್ತಿದ್ದೆ" ಅಂದರು. "ನೀವು ಡಬ್ಬೀನ ಬೀರುವಲ್ಲಿ ಇಡೋದು, ತೆಗ್ಯೋದು ನೋಡಿ, ಒಡವೆ ಗಿಡವೆ ಅವೆಯಾ ಅಂತ ನಾನೇ ಎದ್ರಿದ್ದೆ."

"ಬೇಜಾರಾಯ್ತಾ ಅಂಕಲ್?"

"ಆಯ್ತು. ಆಗ್ದೆ ಇರ‍್ತದಾ?" ಅಂದರು ನೇರವಾಗಿ. ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದರು. ಆಮೇಲೆ ಯಾಕೋ ಅವರ ಮುಖದಲ್ಲಿ ನಗು ಹರಿದಾಡಿತು.

"ನಾನೂ ಒಂದ್ ಮಾತು ಹೇಳ್ಬುಡ್ತೀನಿ. ಹೋದ ವರ್ಷ ಮಳೇಲಿ ನನ್ನ ಛತ್ರಿ ಕಳೆದೋಗಿತ್ತು. ಮೂರು ತಿಂಗ್ಳು ನಿಮ್ಮನ್ನೇ ಕಳ್ಳಿ ಅಂದ್ಕೊಂಡಿದ್ದೆ."

"ನನ್ನನ್ನಾ?"

"ಹೂಂ. ನೀವು ತರೋದೂ ಕರೀ ಛತ್ರಿಯೇ ಅಲ್ವಾ? ನೀವು ಒಳಗೋದಾಗ ದಿನಾ ಅದರ ಹಿಡಿ ನೋಡ್ತಿದ್ದೆ. ನನ್ನದರಂಗೆ ಇರ‍್ಲಿಲ್ಲ."

"ಇರ್ಲಿಲ್ವಲ್ಲ ಮತ್ತೆ!"

"ಇರ‍್ಲಿಲ್ಲ. ಇವ್ರು ಹಿಡಿ ಬದಲಾಯಿಸ್ಬುಟ್ಟವ್ರೆ, ಎಂಥಾ ಚಾಲಾಕಿ ಅಂದ್ಕೊಂಡೆ."

ಛತ್ರಿ ಅವರ ಅತ್ತಿಗೆಯ ಮನೆಯ ಬಾಗಿಲ ಹಿಂದೆ ಸಿಕ್ಕಿತಂತೆ. ಸಿಕ್ಕಿ ಎಷ್ಟೋ ತಿಂಗಳಾಗಿತ್ತು. ನನಗೆ ಒಂದು ಮಾತು ಹೇಳಬಾರದಿತ್ತೇ ಎಂದೆ.

"ಏನಂತ ಹೇಳ್ಲಮ್ಮ? ನಾನು ನಿಮ್ಮನ್ನ ಕಳ್ಳಿ ಅಂದ್ಕೊಂಡಿದ್ದೇ ನಿಮಗೆ ಗೊತ್ತಿರ‍್ಲಿಲ್ವಲ್ಲ" ಅಂದರು. ಅಂಗಡಿಯವನು ತಿರುಗಿ ನೋಡುವಷ್ಟು ಜೋರಾಗಿ ನಾವಿಬ್ಬರೂ ನಕ್ಕೆವು. ಇನ್ನೊಂದೊಂದು ಟೀ ಹೇಳಿದರು ಅಂಕಲ್.